ಐಯೋ, ಮೀಯೋ?

ಶಿರಸಿಯಲ್ಲಿ ಸಂಜೆಯಿಂದ ಕರೆಂಟಿಲ್ಲ. ಮೊಬೈಲ್ ಟಾರ್ಚಲ್ಲಿ ಅಕ್ಕನ ಮಗಳ ಇಂಗ್ಲಿಷ್ ನೋಟ್‌ಬುಕ್ ನೋಡ್ತಾ ಕೂತಿದ್ದೆ.

"ಅಜ್ಜಿ ಗೇವ್ ಅಣ್ಣ ಆಂಡ್ ಐ ತೊಡೆದೇವು."

ತೊಡೆದೇವು ಅಂದ್ರೆ ನಮ್ಮ ಕಡೆಯ ಒಂದು ಸಿಹಿತಿಂಡಿ. 'ಐ' ಕೆಳಗೆ ಕೆಂಪು ಗೀಟು, ಹಾಳೆ ಹರಿಯುವಷ್ಟು ಒತ್ತಿ ಎಳೆದದ್ದು.

"ಮಾವ, ಇದೆಂತಕ್ಕೆ ತಪ್ಪು? ಮೊನ್ನೆ 'ಮೀ ಆಂಡ್ ಅಣ್ಣ ವೆಂಟ್' ಅಂತ ಬರೆದಿದ್ದಕ್ಕೂ ಬೈದ್ರು!"

"ಅಣ್ಣನ್ನ ಸ್ವಲ್ಪ ಹೊತ್ತು ಆಚೆ ಕಳಿಸಿ ಓದು ನೋಡ್ವ."

"ಅಜ್ಜಿ ಗೇವ್ ಐ..." ಅಂದವಳು ತಾನೇ ನಕ್ಕಳು. 'ಐ' ಅಳಿಸಿ 'ಮೀ' ಬರೆದಳು. ತೊಡೆದೇವು ಅಣ್ಣಂಗೆ ಸಿಗದಿದ್ರೂ ಅಡ್ಡಿಲ್ಲವಂತೆ.

ಕನ್ನಡದಲ್ಲಿ ನಮಗೆ ಈ ಪೇಚಾಟ ಇಲ್ಲ. ಅಣ್ಣನಿಗೂ ನನಗೂ ಅಂತ ಇಬ್ಬರಿಗೂ ಪ್ರತ್ಯಯ ಹಚ್ಚಿ ಕೈ ತೊಳ್ಕೊಳ್ತೇವೆ. ಸಾವಿರ ವರ್ಷದ ಹಿಂದೆ ಇಂಗ್ಲಿಷಿನ ನಾಮಪದಗಳಿಗೂ ವಿಭಕ್ತಿ ಇತ್ತು. ಆಮೇಲೆ ಬಹುಪಾಲು ಉದುರಿತು. ಸರ್ವನಾಮಗಳು ಮಾತ್ರ ಹಳೇ ಮನೆಯ ಅಟ್ಟದ ಹಾಗೆ ಒಂದಿಷ್ಟು ಉಳಿಸಿಕೊಂಡಿವೆ: ಐ-ಮೀ, ಹೀ-ಹಿಮ್, ವೀ-ಅಸ್. 'ಯೂ'ಗೆ ಈಗ ಅದೂ ಇಲ್ಲ, ಎಲ್ಲಿಟ್ಟರೂ 'ಯೂ'ನೇ. 'ಹೂಮ್' (ಯಾರನ್ನು, ಯಾರಿಗೆ) ಅಂತೂ ದಿನದ ಮಾತಲ್ಲಿ ಅಪರೂಪ.

ಇಂಗ್ಲಿಷೇ ಮನೆಮಾತಾದವರೂ 'ಬಿಟ್ವೀನ್ ಯೂ ಆಂಡ್ ಮೀ' ಅನ್ನೋ ಬದಲು 'ಬಿಟ್ವೀನ್ ಯೂ ಆಂಡ್ ಐ' ಅಂತಾರೆ ಮಾರಾಯ್ರೆ. ಸಣ್ಣವರಿದ್ದಾಗ 'ಮೀ'ಗೆ ಬೈಸ್ಕೊಂಡು ಬೈಸ್ಕೊಂಡು, 'ಐ' ಅಂದ್ರೇ ಮರ್ಯಾದೆ ಅಂತ ತಲೆಯಲ್ಲಿ ಕೂತಿರ್ತದೆ. ನನ್ನ ಕೇಳಿದ್ರೆ, ಕೆಂಪು ಗೀಟಿನ ಪಕ್ಕ 'ಅಣ್ಣನ್ನ ತೆಗೆದು ಓದು' ಅಂತ ಒಂದು ಸಾಲು ಬರೆದಿದ್ರೆ ಸಾಕಿತ್ತು.