ಮುಖ ಅಲ್ಲೇ, ಹಿನ್ನೆಲೆ ಮಾತ್ರ ದೂರ: ಡಾಲಿ ಜೂಮ್

ಥ್ರಿಲ್ಲರ್‌ನಲ್ಲಿ ಪಾತ್ರಕ್ಕೆ ಸತ್ಯ ಹೊಳೆಯುವ ಕ್ಷಣ. ಮುಖದ ಗಾತ್ರ ಬದಲಾಗುವುದಿಲ್ಲ, ಹಿಂದಿನ ಕಾರಿಡಾರ್ ಮಾತ್ರ ಉದ್ದವಾಗುತ್ತಾ ಹೋಗುತ್ತದೆ. ಕ್ಯಾಮೆರಾ ಹಿಂದೆ ಮುಂದೆ ಸರಿಯುತ್ತಿರುವಾಗಲೇ ಜೂಮ್ ಅನ್ನೂ ಬದಲಿಸುವ ಈ ತಂತ್ರವೇ ಡಾಲಿ ಜೂಮ್. 1958ರ ‘ವರ್ಟಿಗೊ’ ಚಿತ್ರದಲ್ಲಿ ನಿರ್ದೇಶಕ ಹಿಚ್‌ಕಾಕ್ ಇದನ್ನು ಮೆಟ್ಟಿಲುಗಳ ಮೇಲೆ ಪಾತ್ರಕ್ಕಾಗುವ ಎತ್ತರದ ಭಯ ತೋರಿಸಲು ಬಳಸಿದರು. ಕ್ಯಾಮೆರಾವನ್ನು ಎತ್ತರದಲ್ಲಿ ಮೇಲೆ ಕೆಳಗೆ ಓಡಿಸುವ ಬದಲು ಮೆಟ್ಟಿಲುಗಳ ಪುಟ್ಟ ಮಾದರಿ ಮಾಡಿ, ಅದನ್ನೇ ನೆಲದ ಮೇಲೆ ಅಡ್ಡ ಮಲಗಿಸಿ ಚಿತ್ರೀಕರಿಸಿದರು. ಎಂಥ ಸೊಗಸಾದ ಉಪಾಯ!

ಲೆಕ್ಕ ಸುಲಭ: ಕ್ಯಾಮೆರಾದಿಂದ ಮುಖಕ್ಕೆ ದೂರ ಎಷ್ಟು ಪಟ್ಟು ಹೆಚ್ಚುತ್ತದೋ ಫೋಕಲ್ ಲೆಂತ್ (ಲೆನ್ಸ್ ಎಷ್ಟು ಜೂಮ್ ಆಗಿದೆ ಎಂದು ಹೇಳುವ ಎಂಎಂ ಅಂಕಿ) ಅಷ್ಟೇ ಪಟ್ಟು ಹೆಚ್ಚಬೇಕು. 3 ಮೀಟರ್‌ಗೆ 72 ಎಂಎಂ ಆದರೆ 2 ಮೀಟರ್‌ಗೆ 48, 1 ಮೀಟರ್‌ಗೆ 24. ಹತ್ತಿರ ಬರುತ್ತಾ ವೈಡ್‌ಗೆ, ಅಂದರೆ ಕಡಿಮೆ ಎಂಎಂಗೆ, ಹೋದರೆ ಹಿನ್ನೆಲೆ ದೂರ ಸರಿಯುತ್ತದೆ. ಇದನ್ನೇ ಉಲ್ಟಾ ಮಾಡಿದರೆ ಹಿನ್ನೆಲೆ ಪಾತ್ರದ ಮೇಲೆ ಕವಿದು ಬರುತ್ತದೆ.

ಕೆಡುವುದು ಹೆಚ್ಚಾಗಿ ಜೂಮ್ ರಿಂಗ್‌ನಲ್ಲಿ. ಅದರ ಗುರುತುಗಳು ಸಮ ಅಂತರದಲ್ಲಿ ಇರುವುದಿಲ್ಲ, ಹಾಗಾಗಿ ಒಂದೇ ವೇಗದಲ್ಲಿ ತಿರುಗಿಸಿದರೆ ಮುಖ ಉಬ್ಬಿ ಕುಗ್ಗುತ್ತದೆ. ನೆಲದಲ್ಲಿ ಅರ್ಧ ಮೀಟರ್‌ಗೊಂದು ಟೇಪ್ ಅಂಟಿಸಿ, ರಿಂಗ್‌ನಲ್ಲಿ 12 ಎಂಎಂಗೊಂದು ಗುರುತು ಹಾಕಿ, ಎರಡನ್ನೂ ಕೂಗಿ ಹೇಳುತ್ತಾ ರಿಹರ್ಸಲ್ ಮಾಡಿ. ಫೋಕಸ್‌ಗೆ ಬೇರೆಯೇ ಒಬ್ಬರು ಬೇಕು. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್ ಆದರೆ ಅಪರ್ಚರ್ (ಬೆಳಕು ಒಳಬರುವ ರಂಧ್ರ) 5.6ಕ್ಕೆ ಇಡಿ, ಇಲ್ಲದಿದ್ದರೆ ಜೂಮ್ ಮಾಡಿದಂತೆ ಬೆಳಕು ಬದಲಾಗುತ್ತದೆ.

ನಟನ ಬೆನ್ನಿಗೆ ಬೋಳು ಗೋಡೆ ಬೇಡ. ಕಂಬಗಳ ಸಾಲು, ಮರಗಳ ಸಾಲು, ಆಸ್ಪತ್ರೆ ಕಾರಿಡಾರ್‌ನ ಬಾಗಿಲುಗಳು ಇದ್ದರೆ ಮಾತ್ರ ಕಣ್ಣಿಗೆ ಆಳ ಬದಲಾಗುವುದು ಗೊತ್ತಾಗುತ್ತದೆ.