ಮಾದರಿ ಆನ್‌ಲೈನ್ ಅಂಗಡಿ: ಆರ್ಡರ್ ಗುಂಡಿಯ ಹಿಂದಿನ ಕೆಲಸ

ಪುಸ್ತಕ ಮಾರುವ ಮಾದರಿ ಆನ್‌ಲೈನ್ ಅಂಗಡಿ ಕಟ್ಟುವ ನಮ್ಮ ವಿದ್ಯಾರ್ಥಿ ತಂಡದ ಪ್ರಾಜೆಕ್ಟ್ ಅರ್ಧ ದಾರಿ ದಾಟಿದೆ. ಪುಸ್ತಕಗಳ ಪಟ್ಟಿ, ಹುಡುಕಾಟ, ಲಾಗಿನ್, ಕಾರ್ಟ್ ಕೆಲಸ ಮಾಡುತ್ತಿವೆ. ಆರ್ಡರ್ ಭಾಗ ಬಹುಮಟ್ಟಿಗೆ ಮುಗಿದಿದೆ. ಅಂಗಡಿ ನಡೆಸುವವರು ಬಳಸುವ ಅಡ್ಮಿನ್ ಪುಟಗಳಿಗೆ ಇನ್ನೂ ಕೈ ಹಚ್ಚಿಲ್ಲ. ನೋಡಿದವರೆಲ್ಲ ಮುಖಪುಟ ಏಕಿಷ್ಟು ಬೋಳಾಗಿದೆ ಎಂದೇ ಕೇಳುತ್ತಾರೆ. ಬೋಳಾಗಿಯೇ ಇರಲಿ, ಇಂಥ ಪ್ರಾಜೆಕ್ಟಿನಲ್ಲಿ ಕಲಿಯಲು ಏನಾದರೂ ಇದ್ದರೆ ಅದು ‘ಆರ್ಡರ್ ಖಚಿತಪಡಿಸಿ’ ಎಂಬ ಗುಂಡಿಯ ಹಿಂದೆ ಇದೆ ಎಂಬುದು ನನ್ನ ಹಟ.

ಯೋಜನೆ ಹಾಕುವಾಗ ಯಾವುದನ್ನು ಮಾಡಬಾರದು ಎಂಬ ಪಟ್ಟಿಯನ್ನೇ ಮೊದಲು ಬರೆದೆವು. ರೇಟಿಂಗ್ ಬೇಡ, ಚಾಟ್ ಬೇಡ, ಶಿಫಾರಸು ಬೇಡ. ಒಬ್ಬನೇ ಮಾರಾಟಗಾರ, ಒಂದೇ ಕರೆನ್ಸಿ, ಮಾರುವ ಸರಕು ಪುಸ್ತಕ ಮಾತ್ರ. ಬಟ್ಟೆ ಎಂದರೆ ಅಳತೆ, ಬಣ್ಣಗಳ ಪ್ರತಿ ಜೋಡಿಗೂ ಬೇರೆ ದಾಸ್ತಾನು ಇಡಬೇಕಾಗುತ್ತದೆ. ಪುಸ್ತಕಕ್ಕೆ ಆ ತಂಟೆಯಿಲ್ಲ. ಪುಸ್ತಕವನ್ನು ಗುರುತಿಸುವ 13 ಅಂಕಿಗಳ ಸಂಖ್ಯೆಯಾದ ಐಎಸ್‌ಬಿಎನ್‌ನಲ್ಲಿ ಕೊನೆಯದು ತಾಳೆ ನೋಡುವ ಅಂಕಿ: ಅಂಕಿಗಳನ್ನು ಸರದಿಯಂತೆ 1 ಮತ್ತು 3ರಿಂದ ಗುಣಿಸಿ ಕೂಡಿದರೆ ಮೊತ್ತ 10ರಿಂದ ಭಾಗವಾಗಬೇಕು. ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೂ ಫಾರ್ಮ್ ಅಲ್ಲೇ ತಡೆಯುತ್ತದೆ.

ಹೆಚ್ಚು ಚರ್ಚೆ ನಡೆದದ್ದು ಡೇಟಾಬೇಸಿನ ಬಗ್ಗೆ. ಬಳಕೆದಾರರು, ಪುಸ್ತಕಗಳು, ಕಾರ್ಟ್, ಆರ್ಡರ್, ಆರ್ಡರಿನ ಸಾಲುಗಳು (ಯಾವ ಪುಸ್ತಕ, ಎಷ್ಟು ಪ್ರತಿ) ಎಂದು ಟೇಬಲ್‌ಗಳನ್ನು ಬಿಡಿಸಿಕೊಂಡೆವು. ಬೆಲೆ ಪುಸ್ತಕದ ಟೇಬಲ್‌ನಲ್ಲಿ ಇದ್ದೇ ಇದೆ, ಅದನ್ನು ಆರ್ಡರಿನ ಸಾಲಿನಲ್ಲಿ ಮತ್ತೆ ಬರೆಯುವುದು ಏಕೆ ಎಂಬುದು ಗೆಳತಿಯ ತಕರಾರು. ಒಂದೇ ಮಾಹಿತಿಯನ್ನು ಎರಡು ಕಡೆ ಇಡಬೇಡಿ ಎಂದಲ್ಲವೇ ಪಾಠದಲ್ಲಿ ಹೇಳಿಕೊಟ್ಟದ್ದು? ಹೌದು, ಆದರೆ ಇವು ಒಂದೇ ಮಾಹಿತಿಯಲ್ಲ. ಪುಸ್ತಕದ ಟೇಬಲ್‌ನಲ್ಲಿರುವುದು ಇವತ್ತಿನ ಬೆಲೆ. ಆರ್ಡರಿನಲ್ಲಿರುವುದು ಗ್ರಾಹಕ ಒಪ್ಪಿ ಕೊಂಡ ಬೆಲೆ. ನಾಳೆ ಬೆಲೆ ಏರಿಸಿದರೆ ಕಳೆದ ತಿಂಗಳ ರಸೀದಿಯ ಮೊತ್ತವೂ ಏರಬಾರದು. ಇದೇ ಕಾರಣಕ್ಕೆ ತಲುಪಿಸಬೇಕಾದ ವಿಳಾಸವನ್ನೂ ಆರ್ಡರಿನಲ್ಲಿ ನಕಲು ಮಾಡಿ ಇಟ್ಟಿದ್ದೇವೆ. ಮಾರಾಟ ನಿಲ್ಲಿಸಿದ ಪುಸ್ತಕವನ್ನು ಅಳಿಸುವುದಿಲ್ಲ, ‘ಮಾರಾಟಕ್ಕಿಲ್ಲ’ ಎಂದು ಗುರುತು ಹಾಕುತ್ತೇವೆ.

ಹಣವನ್ನು ದಶಮಾಂಶದಲ್ಲಿ ಇಟ್ಟಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಎಂದು ಬರುತ್ತದೆ. ಆ ದಶಮಾಂಶಗಳು ಕಂಪ್ಯೂಟರ್ ಬಳಸುವ 0, 1ರ ದ್ವಿಮಾನದಲ್ಲಿ ಪೂರ್ತಿ ಕೂರುವುದಿಲ್ಲ. ಹಾಗಾಗಿ ಕರೆನ್ಸಿಯ ಅತಿ ಚಿಕ್ಕ ಘಟಕದಲ್ಲಿ ಪೂರ್ಣಾಂಕವಾಗಿಯೇ ಎಲ್ಲ ಲೆಕ್ಕ. ಪರದೆಯ ಮೇಲೆ ತೋರಿಸುವಾಗಷ್ಟೇ ಚುಕ್ಕೆ.

ಕಾರ್ಟ್ ಬೇಗ ಮುಗಿಯಿತು. ಜಾಲತಾಣವೊಂದು ಬ್ರೌಸರ್‌ನಲ್ಲಿ ಇಟ್ಟುಕೊಳ್ಳುವ ಪುಟ್ಟ ಮಾಹಿತಿಯಾದ ಕುಕಿ ಹುಟ್ಟಿದ್ದೇ ಇದಕ್ಕಾಗಿ: 1994ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಅದನ್ನು ರೂಪಿಸಿದಾಗ ಎದುರಿಗಿದ್ದದ್ದು ಆನ್‌ಲೈನ್ ಖರೀದಿಯ ಕಾರ್ಟ್‌ನ ಸಮಸ್ಯೆಯೇ. ಬ್ರೌಸರ್‌ನಿಂದ ಪುಸ್ತಕದ ಗುರುತು ಮತ್ತು ಪ್ರತಿಗಳ ಸಂಖ್ಯೆಯನ್ನು ಮಾತ್ರ ತೆಗೆದುಕೊಳ್ಳುತ್ತೇವೆ. ಬೆಲೆಯನ್ನು ಬ್ರೌಸರ್ ಹೇಳಿದಂತೆ ನಂಬಿದರೆ, ಪುಟದ ಕೋಡ್ ತಿದ್ದಲು ಬರುವ ಯಾರಾದರೂ ತಮ್ಮ ರಿಯಾಯಿತಿಯನ್ನು ತಾವೇ ಘೋಷಿಸಿಕೊಳ್ಳಬಹುದು.

ಇನ್ನು ದಾಸ್ತಾನು. ಕೊನೆಯ ಒಂದು ಪ್ರತಿ ಉಳಿದಿದೆ, ಇಬ್ಬರು ಒಟ್ಟಿಗೆ ಗುಂಡಿ ಒತ್ತುತ್ತಾರೆ. ಮೊದಲು ದಾಸ್ತಾನು ಓದಿ, ಇದೆಯೇ ಎಂದು ನೋಡಿ, ಆಮೇಲೆ ಕಳೆಯುವ ಕ್ರಮದಲ್ಲಿ ಇಬ್ಬರಿಗೂ ಒಂದೊಂದು ಪ್ರತಿ ಕಾಣುತ್ತದೆ, ಇಬ್ಬರಿಗೂ ಮಾರಾಟವಾಗುತ್ತದೆ. ಆದ್ದರಿಂದ ನೋಡುವುದನ್ನೂ ಕಳೆಯುವುದನ್ನೂ ಒಂದೇ ಆಜ್ಞೆಯಲ್ಲಿ ಸೇರಿಸಿದೆವು: ದಾಸ್ತಾನು ಕೇಳಿದಷ್ಟಾದರೂ ಇದ್ದರೆ ಮಾತ್ರ ಕಳೆ. ಎಷ್ಟು ಸಾಲು ಬದಲಾಯಿತು ಎಂದು ಡೇಟಾಬೇಸ್ ಹೇಳುತ್ತದೆ. ಸೊನ್ನೆ ಎಂದರೆ ಪ್ರತಿ ಮುಗಿದಿದೆ. ಆರ್ಡರ್, ಅದರ ಸಾಲುಗಳು, ದಾಸ್ತಾನಿನ ಕಡಿತ ಮೂರೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿವೆ, ಅಂದರೆ ಡೇಟಾಬೇಸ್ ಒಟ್ಟಾಗಿಯೇ ನಡೆಸುವ ಕೆಲಸಗಳ ಗುಂಪಿನಲ್ಲಿ. ಒಂದು ಕೆಟ್ಟರೆ ಮೂರೂ ಹಿಂದಕ್ಕೆ. ಎರಡು ಬ್ರೌಸರ್ ತೆರೆದು ಕೈಯಿಂದ ಪರೀಕ್ಷಿಸುವುದು ಇಲ್ಲಿ ವ್ಯರ್ಥ. ಒಂದೇ ಪ್ರತಿಗಾಗಿ ಹತ್ತಾರು ಕೋರಿಕೆಗಳನ್ನು ಒಮ್ಮೆಗೇ ಕಳಿಸುವ ಪುಟ್ಟ ಸ್ಕ್ರಿಪ್ಟ್ ಬರೆದೆವು. ಆರ್ಡರ್ ಒಂದೇ ಬಿತ್ತು. ಆ ಸಂಜೆ ತಂಡದಲ್ಲಿ ಯಾರೂ ಮುಖಪುಟದ ಮಾತೆತ್ತಲಿಲ್ಲ!

ಅವಸರಕ್ಕೆ ಎರಡು ಸಲ ಒತ್ತುವವರಿಗಾಗಿ ಪ್ರತಿ ಖರೀದಿಗೂ ಒಂದು ವಿಶಿಷ್ಟ ಗುರುತು, ಅಂದರೆ ಕೀ, ಕೊಟ್ಟಿದ್ದೇವೆ. ಅದೇ ಕೀ ಮತ್ತೆ ಬಂದರೆ ಹೊಸ ಆರ್ಡರ್ ಹುಟ್ಟುವುದಿಲ್ಲ, ಹಳೆಯದನ್ನೇ ತೋರಿಸುತ್ತದೆ. ಆರ್ಡರ್ ಮುಗಿದೊಡನೆ 303 ಉತ್ತರ (‘ಬೇರೆ ಪುಟಕ್ಕೆ ಹೋಗು’ ಎಂದು ಬ್ರೌಸರ್‌ಗೆ ಹೇಳುವ ಸಂಕೇತ) ಕೊಟ್ಟು ಬೇರೆ ಪುಟಕ್ಕೆ ಕಳಿಸುವುದರಿಂದ ಪುಟವನ್ನು ರಿಫ್ರೆಶ್ ಮಾಡಿದರೂ ಫಾರ್ಮ್ ಮತ್ತೆ ಹೋಗುವುದಿಲ್ಲ.

ಪಾವತಿ ಪೂರ್ತಿ ನಟನೆ. ನಿಜವಾದ ಕಾರ್ಡ್ ಸಂಖ್ಯೆ ತುಂಬುವ ಜಾಗವನ್ನೇ ಇಟ್ಟಿಲ್ಲ. ವಿದ್ಯಾರ್ಥಿಗಳ ಸರ್ವರ್‌ಗೆ ಅಂಥ ಮಾಹಿತಿ ಬರಲೇಬಾರದು. ನಮ್ಮ ನಕಲಿ ಪಾವತಿ ಸೇವೆ ಮೂರು ರೀತಿ ವರ್ತಿಸುತ್ತದೆ: ಆಯಿತು ಎನ್ನುತ್ತದೆ, ಆಗಲಿಲ್ಲ ಎನ್ನುತ್ತದೆ, ಇಲ್ಲವೇ ಉತ್ತರವನ್ನೇ ಕೊಡುವುದಿಲ್ಲ. ಮೂರನೆಯದೇ ತಲೆನೋವು. ಉತ್ತರ ಬರುವ ತನಕ ಆರ್ಡರ್ ‘ಪಾವತಿ ಬಾಕಿ’ ಸ್ಥಿತಿಯಲ್ಲಿರುತ್ತದೆ, ಪುಸ್ತಕ ಅದರ ಹೆಸರಿನಲ್ಲೇ ಕಾದಿರುತ್ತದೆ.

ಮುಂದಿನ ಕೆಲಸ ಅಲ್ಲಿಂದಲೇ. ಗಡುವು ಮೀರಿದ ಆರ್ಡರ್‌ಗಳನ್ನು ರದ್ದುಮಾಡಿ ದಾಸ್ತಾನನ್ನು ಬಿಡುಗಡೆ ಮಾಡುವ ಹಿನ್ನೆಲೆ ಪ್ರೋಗ್ರಾಂ ಬರೆಯಬೇಕು. ರದ್ದಾದ ಮೇಲೆ ‘ಹಣ ಬಂತು’ ಎಂಬ ಉತ್ತರ ಬಂದರೆ? ಪುಸ್ತಕ ಉಳಿದಿದ್ದರೆ ಆರ್ಡರನ್ನು ಮತ್ತೆ ಜೀವಂತಗೊಳಿಸೋಣ ಎನ್ನುವವರು ಇಬ್ಬರು. ನನ್ನ ಮತ ‘ಹಣ ಮರಳಿಸಬೇಕು’ ಎಂಬ ಪ್ರತ್ಯೇಕ ಸ್ಥಿತಿಗೆ. ತೀರ್ಮಾನವಾಗುವವರೆಗೆ ಅಡ್ಮಿನ್ ಪುಟಗಳು ಕಾಯುತ್ತವೆ.