‘ನಿಮಗೆ ಟೈಮ್ ಎಲ್ಲಿ ಸಿಗುತ್ತೆ?’ ಎಂದು ಕೇಳುವವರಿಗೆ

ನಾನು ಮೈಸೂರಿನಿಂದ ಮಂಡ್ಯಕ್ಕೆ ದಿನಾ ಟ್ರೈನಿನಲ್ಲಿ ಓಡಾಡುತ್ತೇನೆ. ಜೊತೆಯಲ್ಲಿ ಓಡಾಡುವವರ ಒಂದು ಗುಂಪಿದೆ. ವಾರಕ್ಕೊಮ್ಮೆಯಾದರೂ ಅದರಲ್ಲಿ ಯಾರಾದರೊಬ್ಬರು ಕೇಳುತ್ತಾರೆ: ‘ಅಲ್ಲ ಕಣಕ್ಕ, ಆಫೀಸು, ಮನೆ, ಅತ್ತೆ, ಮಕ್ಕಳು, ಮೇಲೆ ಈ ಓಡಾಟ. ಇದರ ಮಧ್ಯೆ ವಾಕಿಂಗು, ಸೊಪ್ಪು, ಕಾಳು ಅಂತೆಲ್ಲ ನಿಂಗೆ ಟೈಮ್ ಎಲ್ಲಿ ಸಿಗ್ತದೆ?’ ಮದುವೆ ಮನೆಯಲ್ಲಿ ನೆಂಟರದೂ ಇದೇ ಪ್ರಶ್ನೆ. ಮಂಡ್ಯದಲ್ಲಿ ಶುರು ಮಾಡಿದ ಉತ್ತರ ಪಾಂಡವಪುರ ಬಂದರೂ ಮುಗಿಯುವುದಿಲ್ಲ. ಅದಕ್ಕೇ ಒಂದು ಸಲ ಪೂರ್ತಿ ಬರೆದಿಡುತ್ತಿದ್ದೇನೆ.

ಒಂದೇ ಮಾತಿನಲ್ಲಿ ಹೇಳುವುದಾದರೆ, ನಾನು ರಾತ್ರಿ ಊಟವನ್ನು ಎಂಟು ಗಂಟೆಗೆ ತಂದೆ. ಬೇರೆ ಎಲ್ಲವೂ ಅದರ ಹಿಂದೆ ಬಂತು.

2021ರ ನವೆಂಬರಿನಲ್ಲಿ ಸುಮ್ನೆ ಒಂದು ರಕ್ತ ಪರೀಕ್ಷೆ ಮಾಡಿಸಿದೆ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಇದೆಯಲ್ಲ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವುದು, ಅದರಲ್ಲಿ 6.2 ಬಂತು. 5.7ಕ್ಕಿಂತ ಕಡಿಮೆ ಇದ್ದರೆ ಸರಿ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಾನು ನಡುವೆ ನಿಂತಿದ್ದೆ. ಡಾಕ್ಟರು ‘ಗಾಬರಿ ಬೇಡ, ಆದರೆ ಈಗಲೇ ಎಚ್ಚರವಾಗಿ’ ಎಂದರು. ನನಗೆ ಗಾಬರಿಯಾಯಿತು. ಮದ್ದೂರಿನ ಕಡೆಯ ನಮ್ಮೂರಿನಲ್ಲಿ ಗದ್ದೆ ಬದುವಿನ ಮೇಲೆ ನಮಗೆಲ್ಲ ಮುಂದೆ ನಡೆಯುತ್ತಿದ್ದವಳು ನಮ್ಮವ್ವ. ಸಕ್ಕರೆ ಕಾಯಿಲೆ ಬಂದು, ಕಾಲಿನ ಗಾಯ ಮಾಯದೆ, ಎರಡು ಬೆರಳು ತೆಗೆಸಬೇಕಾಯಿತು. ಆಮೇಲೆ ಅವಳು ಜಗಲಿ ಬಿಟ್ಟು ಇಳಿದದ್ದು ಕಡಿಮೆ. ಆ ಜಗಲಿ ಕಣ್ಣ ಮುಂದೆ ಬಂತು.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಜಾಸ್ತಿ. ನನ್ನ ಹಾಗೆ ಅಂಚಿನಲ್ಲಿ ನಿಂತವರು ಅದಕ್ಕಿಂತಲೂ ಹೆಚ್ಚು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಹೊಸ ಶೂ ತಂದೆ. ಐದು ಗಂಟೆಗೆ ಅಲಾರಂ ಇಟ್ಟೆ. ಹನ್ನೊಂದು ದಿನ ನಡೆಯಿತು, ಹನ್ನೆರಡನೇ ದಿನ ಏಳಲಾಗಲಿಲ್ಲ. ಮನಸ್ಸು ಗಟ್ಟಿ ಇಲ್ಲ ಅಂದುಕೊಂಡೆ. ಒಂದು ಭಾನುವಾರ ಕೂತು, ಕರೆಂಟು ಬಿಲ್ಲಿನ ಹಿಂದೆ ನನ್ನ ದಿನವನ್ನು ಗಂಟೆ ಗಂಟೆಗೆ ಬರೆದೆ. ಏಳು ಕಾಲಕ್ಕೆ ಮನೆ. ಟೀ, ಸ್ವಲ್ಪ ಹೊತ್ತು ಟಿ.ವಿ. ಎಂಟೂವರೆಗೆ ಒಲೆ ಹಚ್ಚುವುದು. ಊಟ ಮುಗಿಯುವುದು ಹತ್ತೂವರೆ. ಪಾತ್ರೆ, ಮೊಸರಿಗೆ ಹೆಪ್ಪು, ನಾಳೆಯ ಸೀರೆ ಎಲ್ಲಾ ಮುಗಿದು ಮಲಗುವುದು ಹನ್ನೆರಡು. ಹನ್ನೆರಡಕ್ಕೆ ಮಲಗಿದವರು ಐದಕ್ಕೆ ಹೇಗೆ ಏಳುತ್ತಾರೆ? ದೊಡ್ಡವರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು. ತಡವಾಗಿ ಎದ್ದರೆ ತಿಂಡಿ ಮಾಡಲು ಹೊತ್ತಿಲ್ಲ, ಸ್ಟೇಷನ್ ಹತ್ತಿರ ವಡೆ. ಹನ್ನೊಂದಕ್ಕೆ ಹಸಿವು, ಟೀ ಜೊತೆ ಬಿಸ್ಕತ್ತು. ಸಂಜೆ ಸುಸ್ತು, ಮತ್ತೆ ತಡ. ಹತ್ತೂವರೆಯ ಊಟವನ್ನು ಹಾಗೇ ಇರಲು ಬಿಟ್ಟು ನಾನು ಬೆಳಿಗ್ಗೆಯ ಜೊತೆ ಗುದ್ದಾಡುತ್ತಿದ್ದೆ.

ಹೊತ್ತು ಮೀರಿದ ಊಟಕ್ಕೆ ಇನ್ನೊಂದು ತೊಂದರೆಯೂ ಇದೆ. ರಾತ್ರಿಯಾಗುತ್ತಾ ನಮ್ಮ ದೇಹ ನಿದ್ದೆಗೆ ಸಿದ್ಧವಾಗುತ್ತದೆ. ಆಗ ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಕೆಲಸ ಮಂದವಾಗುತ್ತದೆ. ಅದೇ ತಟ್ಟೆ ಅನ್ನ ಎಂಟಕ್ಕೆ ಉಂಡರೆ ಏರುವ ಸಕ್ಕರೆಗಿಂತ ಹತ್ತೂವರೆಗೆ ಉಂಡಾಗ ಜಾಸ್ತಿ ಏರಬಹುದು. ಉಂಡ ಕೂಡಲೇ ಮಲಗಿದರೆ ಆ ಸಕ್ಕರೆಯನ್ನು ಬಳಸಿಕೊಳ್ಳಲು ಕೈಕಾಲಿಗೆ ಕೆಲಸವೂ ಇರುವುದಿಲ್ಲ. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಹೊತ್ತು ಬದಲಿಸುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಏಳು ಕಾಲಕ್ಕೆ ಬಂದು ಎಂಟಕ್ಕೆ ಊಟ ಹೇಗೆ? ಇಲ್ಲಿ ನಮ್ಮ ಕಡೆಯ ಅಡುಗೆಯೇ ನನ್ನ ಕೈ ಹಿಡಿಯಿತು. ಬಸ್ಸಾರನ್ನೇ ನೋಡಿ. ಕಾಳು, ಸೊಪ್ಪು ಬೇಯಿಸಿ ಬಸಿಯುವ ಕೆಲಸ ಬೆಳಿಗ್ಗೆ ತಿಂಡಿ ಆಗುವಾಗ ಇನ್ನೊಂದು ಒಲೆಯ ಮೇಲೆ ಆಗಿಹೋಗುತ್ತದೆ. ಬೆಂದ ಕಾಳು ಸೊಪ್ಪು, ಬಸಿದ ನೀರು ಎರಡೂ ಆರಿದ ಮೇಲೆ ಫ್ರಿಜ್ಜಿಗೆ. ಸಂಜೆ ಖಾರ ರುಬ್ಬಿ ಆ ಬಸಿದ ನೀರಿಗೆ ಹಾಕಿ ಕುದಿಸಿದರೆ ಸಾರು, ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಹುರುಳಿಕಾಳು ಹಿಂದಿನ ದಿನವೇ ನೆನೆಸಿ ಮೊಳಕೆ ಕಟ್ಟಿಟ್ಟರೆ ಆಯಿತು. ಸೊಪ್ಪು ಬಿಡಿಸುವುದು ಅತ್ತೆಯ ಪಾಲು. ಅಣ್ಣೆ ಸೊಪ್ಪು, ಕೀರೆ, ದಂಟು, ಸಿಕ್ಕಿದ ದಿನ ಬೆರಕೆ ಸೊಪ್ಪು. ಟಿ.ವಿ. ನೋಡುತ್ತಾ ಬಿಡಿಸಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತಾರೆ.

ಹಿಟ್ಟು ತಿರುವುವುದು ನಮ್ಮೆಜಮಾನರು. ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು ಅನಿಸುತ್ತದೆ. ‘ಟೈಮ್ ಎಲ್ಲಿ ಸಿಗುತ್ತೆ’ ಎಂದು ನನ್ನನ್ನು ಕೇಳುವವರು ಅವರನ್ನು ಒಂದು ದಿನವೂ ಕೇಳಿಲ್ಲ. ಅಡುಗೆಮನೆಯ ಅಷ್ಟೂ ಕೆಲಸ ಒಬ್ಬಳ ತಲೆ ಮೇಲಿದ್ದರೆ ಆ ಮನೆಯಲ್ಲಿ ಆ ಒಬ್ಬಳ ಆರೋಗ್ಯವೇ ಎಲ್ಲದಕ್ಕಿಂತ ಹಿಂದೆ ಬೀಳುತ್ತದೆ. ಇದನ್ನು ನಾನು ಜಗಳ ಮಾಡಿ ಹೇಳಲಿಲ್ಲ. ಕರೆಂಟು ಬಿಲ್ಲಿನ ಹಿಂದೆ ಬರೆದದ್ದನ್ನು ಅವರ ಮುಂದೆ ಇಟ್ಟೆ. ಓದಿದರು. ಮಾರನೇ ದಿನ ಎಸರಿಟ್ಟು ಕಾಯುತ್ತಿದ್ದರು. ಮೊದಲ ವಾರ ಮುದ್ದೆಯಲ್ಲಿ ಗಂಟು. ಈಗ ಗಂಟಿಲ್ಲ.

ಅತ್ತೆಗೆ ಮೊದಲು ಇಷ್ಟವಿರಲಿಲ್ಲ. ‘ಎಂಟಕ್ಕೆ ಉಂಡ್ರೆ ಹನ್ನೊಂದಕ್ಕೆ ಹೊಟ್ಟೆ ಹಸಿತದೆ ಕಣವ್ವ’ ಎಂದರು. ‘ನೀವು ಚಿಕ್ಕವರಿದ್ದಾಗ ಎಷ್ಟು ಹೊತ್ತಿಗೆ ಉಣ್ಣುತ್ತಿದ್ದಿರಿ ಅತ್ತೆ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ‘ದೀಪ ಹಚ್ಚಿದ ಮೇಲೆ ಇನ್ನೇನಿತ್ತು, ಉಣ್ಣೋದು ಮಲಗೋದು’ ಎಂದರು. ಮಗನದ್ದು ಮಾತ್ರ ಸರಿ ಮಾಡಲು ಆಗಿಲ್ಲ. ಪಿಯುಸಿ, ಟ್ಯೂಷನ್ ಮುಗಿಸಿ ಬರುವುದು ಎಂಟೂ ಮುಕ್ಕಾಲು. ಅವನು ಉಣ್ಣುವಾಗ ನಾನು ಪಕ್ಕದಲ್ಲಿ ಕೂರುತ್ತೇನೆ, ಮತ್ತೆ ಉಣ್ಣುವುದಿಲ್ಲ.

ರಾಗಿ ಬಗ್ಗೆಯೂ ಜನ ಜಾಸ್ತಿ ಕೇಳುತ್ತಾರೆ. ‘ಮುದ್ದೆ ತಿಂದರೆ ಸಕ್ಕರೆ ಬರಲ್ಲ ಅಲ್ವಾ?’ ಅಂತ. ನಾನು ರಾಗಿ ಮನೆಯ ಮಗಳು. ನಮ್ಮಪ್ಪ ಬೆಳೆಯುತ್ತಿದ್ದದ್ದು ಇಂಡಾಫ್ ರಾಗಿ. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಮಾಡಿದ ತಳಿ ಅದು. ಆ ಎರಡು ಹೆಸರು ಸೇರಿಯೇ ಇಂಡಾಫ್. ಎಷ್ಟೋ ಮನೆಗಳ ಕಣಜ ತುಂಬಿಸಿದ ಮನುಷ್ಯ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಹತ್ತಿರವೂ ಬರುವುದಿಲ್ಲ. ನಾರಿನಂಶವೂ ಚೆನ್ನಾಗಿದೆ. ಆದರೆ ಅದೇ 100 ಗ್ರಾಮಿನಲ್ಲಿ ಹತ್ತಿರ ಹತ್ತಿರ 70 ಗ್ರಾಂ ಕಾರ್ಬೋಹೈಡ್ರೇಟ್ ಕೂಡ ಇದೆ. ‘ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ’ ಎನ್ನುತ್ತಾರೆ ನಮ್ಮ ಕಡೆ. ಆ ಹಿಟ್ಟು ತಿಂದವನು ಬೆಳಗಿಂದ ಸಂಜೆವರೆಗೆ ನೇಗಿಲು ಹಿಡಿದಿದ್ದ. ನಾನು ಕುರ್ಚಿ ಮೇಲೆ ಕೂತು ಫೈಲು ನೋಡಿದವಳು. ಅವನ ಎರಡು ದೊಡ್ಡ ಮುದ್ದೆ ನನಗೆ ಬೇಡ. ನನ್ನ ತಟ್ಟೆಯಲ್ಲಿ ಈಗ ಕಿತ್ತಳೆ ಗಾತ್ರದ ಒಂದು ಮುದ್ದೆ, ಅದರ ಎರಡರಷ್ಟು ಸೊಪ್ಪು ಕಾಳು. ಪಲ್ಯವನ್ನು ಮೊದಲು ತಿನ್ನುತ್ತೇನೆ, ಮುದ್ದೆ ಆಮೇಲೆ.

ಸಿಹಿಯ ವಿಷಯದಲ್ಲಿ ನನಗೆ ಹಬ್ಬದ ಭಯವಿಲ್ಲ. ದಸರೆಗೆ ನೆಂಟರು ಬಂದಾಗ ಮೈಸೂರು ಪಾಕ್ ತಿನ್ನುತ್ತೇನೆ, ಬೀಗರೂಟಕ್ಕೆ ಹೋದರೆ ಹೊಟ್ಟೆ ತುಂಬ ಉಂಡು ಬರುತ್ತೇನೆ. ಭಯ ಇದ್ದದ್ದು ಆಫೀಸಿನ ಟೀ ಬಗ್ಗೆ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ. ಒಂದು ಚಮಚ ಅಂದರೆ 4 ಗ್ರಾಂ. ಅಲ್ಲಿಗೆ ಟೀಯಿಂದಲೇ 32 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಸುಮಾರು 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದು ಎನ್ನುತ್ತದೆ. ಈಗ ಎರಡೇ ಲೋಟ, ಅರ್ಧರ್ಧ ಚಮಚ. ಉಪ್ಪು ದಿನಕ್ಕೆ 5 ಗ್ರಾಮಿನೊಳಗೆ ಇರಬೇಕು, ಅಂದರೆ ಒಂದು ಟೀ ಚಮಚದೊಳಗೆ. ಉಪ್ಸಾರಿನ ಊರವಳಿಗೆ ಇದು ಕಷ್ಟವೇ. ಉಪ್ಪಿನಕಾಯಿ, ಹಪ್ಪಳ ಭಾನುವಾರಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಎಂಟು ಕಾಲಕ್ಕೆ ಊಟ ಮುಗಿದರೆ ನಮ್ಮ ಸರಸ್ವತಿಪುರಂ ಬೀದಿಯಲ್ಲಿ ಇಬ್ಬರೂ ಹದಿನೈದು ನಿಮಿಷ ಅಡ್ಡಾಡುತ್ತೇವೆ. ಉಂಡ ಮೇಲೆ ನಡೆದರೆ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಅದು ಅಷ್ಟು ಏರುವುದಿಲ್ಲ. ಹತ್ತಕ್ಕೆ ದೀಪ ಆರುತ್ತದೆ. ಐದೂ ಕಾಲಕ್ಕೆ ಅಲಾರಂ ಇಲ್ಲದೆ ಎಚ್ಚರವಾಗುತ್ತದೆ.

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು. ಕುವೆಂಪು ಅವರು ನಡೆದಾಡಿದ ಕೆರೆ. ಏರಿ ಮೇಲೆ ಹೋಗುವಾಗ ಹೆಜ್ಜಾರ್ಲೆಗಳು ನೀರಿನ ಮೇಲೆ ದೋಣಿಯ ಹಾಗೆ ಸಾಲಾಗಿ ಬರುತ್ತವೆ. ಚಳಿಗಾಲದಲ್ಲಿ ಆಚೆ ದಡ ಕಾಣುವುದೇ ಇಲ್ಲ, ಮಂಜಿನೊಳಗಿಂದ ಹಕ್ಕಿಗಳ ಸದ್ದು ಮಾತ್ರ. ಇಂಥ ಜಾಗ ಮನೆ ಹತ್ತಿರ ಇರುವುದು ಪುಣ್ಯ. ಪೂರ್ತಿ ಸುತ್ತಲು ನನಗೆ ಒಂದು ಗಂಟೆ ಬೇಕು. ವಾರದ ದಿನ ಅಷ್ಟು ಹೊತ್ತು ಇಲ್ಲ, ಹದಿನೈದು ನಿಮಿಷ ಹೋಗಿ ಹದಿನೈದು ನಿಮಿಷ ವಾಪಸು. ಐದು ದಿನಕ್ಕೆ 150 ನಿಮಿಷ. ವಾರಕ್ಕೆ ಕನಿಷ್ಠ ಇಷ್ಟು ಬೇಕು ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸು ಸಾಕು.

ನಡೆದರೆ ಮಾತ್ರ ಸಾಲದು, ವಾರಕ್ಕೆ ಎರಡು ದಿನ ಸ್ನಾಯುಗಳಿಗೂ ಕೆಲಸ ಕೊಡಬೇಕು. ನಮ್ಮದು ಗರಡಿಮನೆಗಳ ಊರು. ನಮ್ಮ ತಾತಂದಿರು ಹೊಡೆಯುತ್ತಿದ್ದ ಬಸ್ಕಿಯನ್ನೇ ನಾನು ಅಡುಗೆ ಕಟ್ಟೆ ಹಿಡಿದುಕೊಂಡು ಹೊಡೆಯುತ್ತೇನೆ. ಹತ್ತರಿಂದ ಶುರು ಮಾಡಿದೆ, ಈಗ ಮೂವತ್ತು. ತಿಂಗಳಿಗೊಮ್ಮೆ ಚಾಮುಂಡಿ ಬೆಟ್ಟದ ಮೆಟ್ಟಿಲು. ಮೊದಲ ಸಲ ನಂದಿ ಹತ್ತಿರವೇ ಕೂತುಬಿಟ್ಟಿದ್ದೆ.

ಒಂದು ವರ್ಷ ಕಳೆದ ಮೇಲೆ ಎಚ್‌ಬಿಎ1ಸಿ 5.8 ಬಂತು. ಇನ್ನೂ ಗೆರೆಯ ಈಚೆ ಬಂದಿಲ್ಲ. ಆರು ತಿಂಗಳಿಗೊಮ್ಮೆ ನೋಡಿಸುತ್ತೇನೆ. ಮದುವೆಗಳ ತಿಂಗಳಲ್ಲಿ, ಮಗನ ಪರೀಕ್ಷೆ ಸಮಯದಲ್ಲಿ ಎಲ್ಲ ಏರುಪೇರಾಗುತ್ತದೆ. ಆಗ ನಾನು ವಾಕಿಂಗಿಗಿಂತ ಮೊದಲು ಎಂಟು ಗಂಟೆಯ ಊಟವನ್ನು ವಾಪಸು ತರುತ್ತೇನೆ. ಮೂರು ನಾಲ್ಕು ದಿನದಲ್ಲಿ ಬೆಳಗಿನ ಎಚ್ಚರವೂ ವಾಪಸು ಬರುತ್ತದೆ.

ಈ ಉತ್ತರ ಎಲ್ಲರಿಗೂ ಹೊಂದುವುದಿಲ್ಲ ಎಂದು ನನಗೆ ಗೊತ್ತು. ನಮ್ಮ ಟ್ರೈನಿನಲ್ಲಿ ಫ್ಯಾಕ್ಟರಿ ಕೆಲಸದ ಒಬ್ಬ ಹುಡುಗಿ ಬರುತ್ತಾಳೆ. ಅವಳು ಮನೆ ಮುಟ್ಟುವುದೇ ಒಂಬತ್ತಕ್ಕೆ. ಹೋಗಿ ನಾಲ್ಕು ಜನಕ್ಕೆ ಅಡುಗೆ ಮಾಡಬೇಕು. ಅವಳಿಗೆ ಎಂಟು ಗಂಟೆ ಎಂದು ಹೇಗೆ ಹೇಳಲಿ? ಮಧ್ಯಾಹ್ನ ಉಂಡ ಮೇಲೆ ಹತ್ತು ನಿಮಿಷ ಕಾಂಪೌಂಡಿನಲ್ಲೇ ನಡಿ ಎಂದೆ. ಆಮೇಲೆ, ‘ತಮ್ಮ ಇದ್ದಾನಲ್ಲ, ಅವನಿಗೆ ಅನ್ನಕ್ಕಿಡೋದು ಹೇಳಿಕೊಡು’ ಎಂದೆ. ಭಾನುವಾರ ಹೇಳಿಕೊಟ್ಟಳಂತೆ. ಮೊದಲ ದಿನ ತಳ ಹಿಡಿಯಿತಂತೆ. ಈಗ ಅವಳು ಹೋಗುವಷ್ಟರಲ್ಲಿ ಅನ್ನ ಆಗಿರುತ್ತದೆ, ಸಾರು ಮಾತ್ರ ಇನ್ನೂ ಅವಳೇ ಮಾಡಬೇಕು.